‘ಅ’ ತುಕಡಿಯಲ್ಲಿ ತಡವಾಗಿ ಓದಿದ ವಿದ್ಯಾರ್ಥಿನಿಯ ಕುರಿತು

ಮಾನ್ಯ ಓದುಗರಲ್ಲಿ ನನ್ನ ಅರಿಕೆ.

ಇಲ್ಲಿಯವರೆಗೆ ನಾನು ಬರೆದಿರುವುದು ರಜೆಯ ಅರ್ಜಿಗಳನ್ನು, ಮಾಸಿಕ ವರದಿಗಳನ್ನು ಮತ್ತು ಮೇಲಿನವರು ಕೇಳಿದಾಗ ಸಲ್ಲಿಸಿದ ವಿವರಣೆಗಳನ್ನು ಮಾತ್ರ. ಬೇರೆ ಧಾಟಿ ನನಗೆ ರೂಢಿಯಿಲ್ಲ. ಒಬ್ಬ ವಿದ್ಯಾರ್ಥಿನಿಯ ವಿಷಯದಲ್ಲಿ ನಮ್ಮ ಶಾಲೆಯು ಕೈಗೊಂಡ ನಿರ್ಣಯ ತಪ್ಪೆಂದು ಆಗಲೇ ಬಾಯಿಮಾತಿನಲ್ಲಿ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ. ಅದು ಇಳಿಯಲಿಲ್ಲ. ಆದಕಾರಣ ಸಿಟ್ಟಿನಲ್ಲಿಯೇ, ಆದರೆ ನಡೆದ ಕ್ರಮದಲ್ಲಿಯೇ, ನಿವೇದಿಸುತ್ತಿದ್ದೇನೆ.

ಹೊಸ ಶತಮಾನದ ಮೊದಲ ವರ್ಷಗಳವು. ಬೈರಿದೇವರಕೊಪ್ಪದ ಒಂದು ಖಾಸಗಿ ಕನ್ನಡ ಶಾಲೆಯಲ್ಲಿ ನಾನು ಒಂದನೆಯ ಇಯತ್ತೆಯ ಶಿಕ್ಷಕಿಯಾಗಿದ್ದೆ. ಮನೆ ಧಾರವಾಡದ ಮಾಳಮಡ್ಡಿಯಲ್ಲಿದ್ದುದರಿಂದ ದಿನವೂ ಬಸ್ಸಿನಲ್ಲಿ ಓಡಾಟ. ನಮ್ಮ ಮಕ್ಕಳೆಲ್ಲ ಸುತ್ತಲಿನ ಹಳ್ಳಿಗಳಿಂದ ಬಂದು ನೆಲೆ ನಿಂತವರ ಮಕ್ಕಳು. ತಂದೆ ಕಿರಾಣಿ ಅಂಗಡಿ ಇಟ್ಟವರು, ಗಿರಣಿಗೆ ಹೋಗುವವರು, ಇನ್ನೂ ಎರಡೆಕರೆ ಹೊಲವನ್ನು ಬಿಡದೆ ಬಿತ್ತುವವರು.

ಒಂದನೆಯ ಇಯತ್ತೆಗೆ ಎರಡು ತುಕಡಿಗಳಿದ್ದವು. ಆ ವರ್ಷ ಆಡಳಿತ ಮಂಡಳಿಯು ‘ಅ’ ತುಕಡಿಗೆ ಮಾತ್ರ ದಿನಕ್ಕೊಂದು ಇಂಗ್ಲಿಷ್ ತಾಸನ್ನು ಮಂಜೂರು ಮಾಡಿತು. ‘ಬ’ ತುಕಡಿಯವರು ಐದನೆಯ ಇಯತ್ತೆಗೆ ಬರುವವರೆಗೆ ಇಂಗ್ಲಿಷ್ ಅಕ್ಷರದ ಮುಖ ನೋಡುವಂತಿರಲಿಲ್ಲ. ‘ಅ’ದಲ್ಲಿ ಓದಲು ಬಾರದವರನ್ನು ವರ್ಷದ ಕೊನೆಗೆ ‘ಬ’ಕ್ಕೆ ವರ್ಗಾಯಿಸತಕ್ಕದ್ದು ಎಂದು ಮಂಡಳಿಯ ಕಾರ್ಯದರ್ಶಿಗಳು ಜೂನ್ ತಿಂಗಳಿನಲ್ಲಿಯೇ ಸಾರಿದರು. ಸದರಿಯವರು ದೇಶಪಾಂಡೆ ನಗರದ ನಿವಾಸಿಗಳು, ಹತ್ತಿ ವ್ಯಾಪಾರಸ್ಥರು. ಒಂದು ಚಿಟಿಕೆ ಅರಳೆಯನ್ನು ಬೆರಳಲ್ಲಿ ಎಳೆದು ನೋಡಿ ಇಡೀ ರಾಶಿಯ ದರ ಹೇಳಬಲ್ಲವರು. ಮಕ್ಕಳನ್ನೂ ಹಾಗೆಯೇ ಎಳೆದು ನೋಡಬಹುದೆಂದು ಅವರು ತಿಳಿದಿದ್ದರು.

ಇಂಗ್ಲಿಷ್ ತಾಸಿಗಾಗಿ ನನ್ನನ್ನು ತರಬೇತಿಗೆ ಕಳುಹಿಸಲಾಯಿತು. ಅಲ್ಲಿ ಕಲಿಸಿದ್ದು ಧ್ವನಿ ಪದ್ಧತಿ. ಅಕ್ಷರದ ಹೆಸರು ಬೇರೆ, ಅದರ ಸದ್ದು ಬೇರೆ. ಮಗುವಿಗೆ ಮೊದಲು ಬೇಕಾದದ್ದು ಸದ್ದು. ‘ಎಸ್’ ಎಂದು ಹೇಳಿಕೊಡಬಾರದು, ‘ಸ್‌ಸ್’ ಎನ್ನಬೇಕು. ‘ಟಿ’ ಎನ್ನಬಾರದು, ನಾಲಿಗೆ ತಾಗಿಸಿ ‘ಟ್’ ಎಂದು ಬಿಡಬೇಕು. ಐದಾರು ಸದ್ದುಗಳು ಬಂದ ಕೂಡಲೇ ಅವನ್ನು ಕೂಡಿಸಿ ಶಬ್ದ ಓದಿಸಬೇಕು: ಸ್, ಆ್ಯ, ಟ್ – ಸ್ಯಾಟ್. ಹೀಗೆ ಕಲಿತ ಮಗು ಎಂದೂ ಕಾಣದ ಶಬ್ದವನ್ನೂ ತಾನೇ ಬಿಡಿಸಿ ಓದುತ್ತದೆ. ಈ ಒಂದು ಮಾತು ನನ್ನ ಮನಸ್ಸನ್ನು ಹಿಡಿಯಿತು. ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರಿಲ್ಲದ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲವೆಂದು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ.

ಮೊದಲ ತೊಡಕು ನಮ್ಮ ನಾಲಿಗೆಯದೇ ಆಗಿತ್ತು. ಕನ್ನಡದ ಮಗುವಿಗೆ ‘ಸ’ ಎಂದರೆ ಒಳಗೆ ‘ಅ’ ಇದ್ದೇ ಇರುತ್ತದೆ. ‘ಸ, ಆ್ಯ, ಟ’ ಎಂದು ಕೂಡಿಸಿದರೆ ‘ಸ್ಯಾಟ್’ ಬರುವುದಿಲ್ಲ, ಮೂರು ಹೆಜ್ಜೆ ಕುಂಟಿದಂತಾಗುತ್ತದೆ. ಇದಕ್ಕಾಗಿ ಪ್ರತಿಯೊಂದು ಮಗುವಿಗೂ ಗದ್ದದ ಕೆಳಗೆ ಮುಷ್ಟಿ ಇಟ್ಟುಕೊಳ್ಳಲು ಹೇಳಿದೆ. ‘ಸ್’ ಎನ್ನುವಾಗ ಗದ್ದ ಅಲುಗಬಾರದು. ಕೆಳಗಿಳಿದರೆ ‘ಅ’ ನುಸುಳಿತೆಂದು ತಿಳಿಯಬೇಕು. ತರಬೇತಿಯಲ್ಲಿ ಧ್ವನಿಸುರುಳಿಯೊಂದನ್ನು ಕೊಟ್ಟಿದ್ದರು. ಬ್ಯಾಟರಿ ಇಳಿದ ಯಂತ್ರದಲ್ಲಿ ಅದು ಗೊಗ್ಗರು ದನಿಯಲ್ಲಿ ‘ಮ್‌ಮ್’ ಎಂದಿತು. ಇಡೀ ತರಗತಿ ಎರಡು ದಿನ ಅದೇ ದನಿಯಲ್ಲಿ ಗುಟುರು ಹಾಕಿತು. ಯಂತ್ರವನ್ನು ಕಪಾಟಿನಲ್ಲಿಟ್ಟು ನನ್ನ ಬಾಯಿಯನ್ನೇ ನಂಬಿದೆ.

ಪಾಲಕರ ಆಕ್ಷೇಪಣೆಗಳು ಬಂದವು. ಕಿರಾಣಿ ಅಂಗಡಿಯ ತಂದೆಯೊಬ್ಬರು ಬಾಗಿಲಲ್ಲಿಯೇ ನಿಂತು ಕೇಳಿದರು:

“ಅಕ್ಕಾರ, ಗಿರಾಕಿ ಮುಂದ ಎಬಿಸಿಡಿ ಹೇಳೋ ಅಂದ್ರ ನನ್ನ ಮಗ ಸ್ಸ್ ಸ್ಸ್ ಅಂತಾನ್ರಿ. ಅಕ್ಕಿ ಚೀಲದಾಗ ಹಾವು ಹೊಕ್ಕೈತಿ ಅಂತ ಆ ಗಿರಾಕಿ ಹೊರಗ ಓಡಿದ್ರಿ!”

“ದೀಪಾವಳಿ ತನಕ ತಡಕೊಳ್ರಿ. ಆಮ್ಯಾಲೆ ನಿಮ್ಮ ಅಂಗಡ್ಯಾಗಿನ ಡಬ್ಬಿ ಮ್ಯಾಲಿನ ಹೆಸರು ಅವನ ಓದತಾನ.”

“ಅಲ್ಲೀತನಕ ಗಿರಾಕಿ ಉಳೀಬೇಕಲ್ರಿ” ಎಂದು ಅವರು ನಕ್ಕು ಹೋದರು.

ದಸರೆಯ ಹೊತ್ತಿಗೆ ಮಕ್ಕಳು ಓದತೊಡಗಿದರು. ನಾನು ಹಲಗೆಯ ಮೇಲೆ ಬರೆದ ಶಬ್ದಕ್ಕೆ ಕೋಲು ಇಟ್ಟ ಕೂಡಲೇ ಇಡೀ ತರಗತಿ ಒಂದೇ ಬಾಯಲ್ಲಿ ಹೇಳುತ್ತಿತ್ತು. ಪಿನ್. ಟಿನ್. ಮ್ಯಾಟ್. ಹೊಸ ಶಬ್ದ ಬರೆದರೂ ಅಷ್ಟೇ. ಹೆಡ್‌ಮಾಸ್ತರರು ಪಡಸಾಲೆಯಲ್ಲಿ ನಿಂತು ಕೇಳಿ ಹೋಗುತ್ತಿದ್ದರು. ಕಾರ್ಯದರ್ಶಿಗಳು ಒಮ್ಮೆ ಬಂದು, “ಏನ್ರಿ ಬಾಯಾರ, ಇವೇನು ವಿಲಾಯತಿಯೊಳಗ ಹುಟ್ಟ್ಯಾವೇನು!” ಎಂದರು. ನಾನು ಹಿಗ್ಗಿದೆ.

ದೀಪಾವಳಿ ಸೂಟಿ ಮುಗಿದ ಮೇಲೆ ಮೊದಲ ಸಾಲಿನ ಒಬ್ಬ ಹುಡುಗಿಗೆ ಮಂಗನಬಾವು ಬಂದು ಆಕೆ ಶಾಲೆಗೆ ಬರಲಿಲ್ಲ. ಆಕೆ ಬೈರಿದೇವರಕೊಪ್ಪದ ಭಜನಾ ಮೇಳದ ಹಿರಿಯರ ಮೊಮ್ಮಗಳು, ಗಟ್ಟಿ ಗಂಟಲಿನವಳು. ಆ ದಿನ ನಾನು ‘ಟಿನ್’ ಎಂಬ ಶಬ್ದಕ್ಕೆ ಕೋಲು ಇಟ್ಟೆ. ತರಗತಿ ಸುಮ್ಮನಿತ್ತು. ಮತ್ತೊಮ್ಮೆ ಇಟ್ಟೆ. ಮಕ್ಕಳು ಹಲಗೆಯನ್ನು ನೋಡುತ್ತಿರಲಿಲ್ಲ. ಎಲ್ಲರೂ ಮೊದಲ ಸಾಲಿನ ಆ ಖಾಲಿ ಜಾಗವನ್ನು ನೋಡುತ್ತಿದ್ದರು.

ಮುಂದಿನ ಸೋಮವಾರ ಸಂಜೆ ಬಸ್ಸು ಹಿಡಿಯದೆ, ಆ ಮೇಳ ವಾರಕ್ಕೊಮ್ಮೆ ಸೇರುವ ಬಸವಣ್ಣನ ಗುಡಿಗೆ ಹೋದೆ. ಭಜನೆ ನಡೆದಿತ್ತು. ನನ್ನ ತರಗತಿಯ ಅರ್ಧ ಮಕ್ಕಳು ತಾಳ ಹಿಡಿದು ಕುಳಿತಿದ್ದರು. ಹಿರಿಯರು ಸೊಲ್ಲು ಎತ್ತಿದರೆ ಅದು ಅವರ ಬಾಯಿಂದ ಪೂರ್ತಿ ಬೀಳುವ ಮುನ್ನವೇ ಮಕ್ಕಳು ಅದನ್ನು ಹಿಡಿದು ಹಾಡುತ್ತಿದ್ದರು. ಎಷ್ಟು ಚುರುಕಾಗಿ ಎಂದರೆ, ಅರ್ಧ ಉಸಿರಿನಷ್ಟು ಹಿಂದಿದ್ದಾರೆಂದು ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವಂತೆ. ಭಜನೆ ಮುಗಿದ ಮೇಲೆ ಹಿರಿಯರನ್ನು ಕೇಳಿದೆ:

“ಕಾಕಾ, ಈ ಹುಡುಗ್ರಿಗೆ ಪದ ಎಲ್ಲಾ ಬರತಾವೇನ್ರಿ?”

“ಪದ ಯಾಕ ಬರಬೇಕ್ರಿ ಅಕ್ಕಾರ? ನಾ ಎತ್ತಿಕೊಡತೇನಿ, ಅವು ಹಿಡೀತಾವು. ಭಜನಿ ಅಂದ್ರ ಅದ ಅಲ್ರೇನು?”

ಅವರು ಹೇಳಿದ್ದು ಸರಿಯಾಗಿತ್ತು. ಭಜನೆಗೆ ಅದೇ ಧರ್ಮ. ಮೊಮ್ಮಗಳು ತರಗತಿಯಲ್ಲಿ ಎತ್ತಿಕೊಡುತ್ತಿದ್ದಳು. ಉಳಿದವರು, ಎಳೆಯಂದಿನಿಂದ ಪಳಗಿದವರು, ಹಿಡಿಯುತ್ತಿದ್ದರು. ಮರುದಿನದಿಂದ ಒಬ್ಬೊಬ್ಬರನ್ನೇ ಕರೆದು ಓದಿಸಿದೆ. ಒಂಟಿಯಾಗಿ ಓದಬಲ್ಲವರು ಬೆರಳೆಣಿಕೆಯಷ್ಟು.

ಈ ಸಂಗತಿಯನ್ನು ತಡಮಾಡದೆ ಹೆಡ್‌ಮಾಸ್ತರರ ಗಮನಕ್ಕೆ ತಂದೆ. ಅವರು ನನ್ನ ಮುಖವನ್ನೂ ನೋಡದೆ ಹೇಳಿದರು: “ಕೇಳಲಿಕ್ಕೆ ಛಲೋ ಅದ ಅಲ್ಲ್ರೀ ಬಾಯಾರ? ಹಂಗ ಇರಲಿ ಬಿಡ್ರಿ.”

ನಾನು ಹಾಗೆ ಇರಲು ಬಿಡಲಿಲ್ಲ. ಕೂಡಿ ಓದುವುದನ್ನು ಅಂದೇ ನಿಲ್ಲಿಸಿದೆ. ಬದಲಿಗೆ ಕೈಗೊಂಡ ಕ್ರಮ ಈ ಮುಂದಿನಂತಿತ್ತು. ನಾನು ಒಂದು ಶಬ್ದವನ್ನು ಬಾಯಲ್ಲಿ ಹೇಳುತ್ತಿದ್ದೆ. ಮಕ್ಕಳು ಅದರ ಸದ್ದುಗಳನ್ನು ಬಿಡಿಸಿ ಪಾಟಿಯ ಮೇಲೆ ಬರೆದು ಪಾಟಿಯನ್ನು ಬೋರಲು ಹಾಕುತ್ತಿದ್ದರು. ಎಲ್ಲ ಪಾಟಿಗಳೂ ಬೋರಲಾಗುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಓದುವ ಸರದಿಯಲ್ಲಿ ಒಬ್ಬೊಬ್ಬರೇ ಬಂದು ಹಲಗೆಯ ಮೇಲಿನ ಶಬ್ದವನ್ನು ನನ್ನ ಕಿವಿಯಲ್ಲಿ ಹೇಳಬೇಕು. ನಿಧಾನವಾದರೆ ಚಿಂತೆಯಿಲ್ಲ. ಪಕ್ಕದವರಿಗೆ ಕೇಳಬಾರದು, ಅಷ್ಟೇ.

ಮೊದಮೊದಲು ಮಕ್ಕಳು ಅತ್ತರು. ಜೊತೆಯ ದನಿ ಇಲ್ಲದೆ ಅವರಿಗೆ ತಮ್ಮ ದನಿಯ ಭಯವಾಗುತ್ತಿತ್ತು. ಮಂಗನಬಾವು ಇಳಿಸಿಕೊಂಡು ಬಂದ ಹಿರಿಯರ ಮೊಮ್ಮಗಳಿಗೆ ಬಾಯಿ ಮುಚ್ಚಿ ಕುಳಿತುಕೊಳ್ಳುವುದೇ ಒಂದು ಶಿಕ್ಷೆ. “ಅಕ್ಕಾರ, ನನ್ನ ಹೊಟ್ಯಾಗ ಶಬ್ದ ಕುದ್ಯಾಕತ್ತಾವ್ರಿ” ಎನ್ನುತ್ತಿದ್ದಳು.

ಈ ಬರಹದ ವಿಷಯವಾದ ವಿದ್ಯಾರ್ಥಿನಿ ಕೊನೆಯ ಸಾಲಿನವಳು. ಆಕೆಯ ತಾಯಿ ಒಂದು ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದರು. ಹುಡುಗಿಗೆ ಪ್ರತಿಯೊಂದು ಸದ್ದೂ ಬರುತ್ತಿತ್ತು. ಆದರೆ ಮೂರನೆಯ ಸದ್ದಿಗೆ ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತಿತ್ತು. ‘ಪ್, ಇ, ನ್’ ಎಂದು ಸರಿಯಾಗಿ ಹೇಳಿ, ಕೊನೆಗೆ ‘ಇನ್’ ಎಂದು ನನ್ನನ್ನು ದಿಟ್ಟಿಸುತ್ತಿದ್ದಳು. ಆಕೆಗಾಗಿ ಪದ್ಧತಿಯನ್ನು ಬದಲಿಸಿದೆ. ಸದ್ದುಗಳ ನಡುವೆ ನಿಲ್ಲಬಾರದು. ಮೊದಲ ಎರಡನ್ನು ಕೂಡಿಸಿ ಗಟ್ಟಿ ಮಾಡಿಕೊಂಡು, ಅದಕ್ಕೆ ಮೂರನೆಯದನ್ನು ಸೇರಿಸಬೇಕು: ಪ್, ಪಿ, ಪಿನ್. ಅಕ್ಷರಗಳ ಕೆಳಗೆ ಸೀಮೆಸುಣ್ಣದ ಖಡುವಿನಿಂದ ಒಂದು ಗೆರೆ ಎಳೆದೆ. ಬೆರಳನ್ನು ಗೆರೆಯ ಮೇಲಿಂದ ಎತ್ತದೆ ಸರಿಸುತ್ತ ಹೋಗಬೇಕು, ಬೆರಳು ಸರಿದಷ್ಟು ಹೊತ್ತು ಉಸಿರು ತುಂಡಾಗಬಾರದು. ಸಂಕ್ರಾಂತಿಯ ಹೊತ್ತಿಗೆ ಆಕೆ ಓದತೊಡಗಿದಳು. ನಿಧಾನವಾಗಿ, ಪ್ರತಿ ಸಲವೂ ಅದೇ ಮೂರು ಮೆಟ್ಟಿಲು ಹತ್ತಿ. ಆದರೆ ತಪ್ಪುತ್ತಿರಲಿಲ್ಲ. ಹೊಸ ಶಬ್ದಕ್ಕೂ ತಪ್ಪುತ್ತಿರಲಿಲ್ಲ.

ತರಗತಿ ಸದ್ದಿಲ್ಲದ್ದಾಯಿತು. ಅದೇ ನನ್ನ ಮೇಲಿನ ಮೊದಲ ಆಪಾದನೆ.

“ಸಾಲಿ ಅಂದ್ರ ಹೊರಗ ಕೇಳಸಬೇಕ್ರಿ” ಎಂದರು ಹೆಡ್‌ಮಾಸ್ತರರು. “ಇದು ದವಾಖಾನಿ ಇದ್ದಂಗ ಅದ.”

ಮಾರ್ಚ್ ತಿಂಗಳಲ್ಲಿ ದಾನಿಗಳಿಗೂ ಪಾಲಕರಿಗೂ ಇಂಗ್ಲಿಷ್ ತುಕಡಿಯನ್ನು ತೋರಿಸುವ ಕಾರ್ಯಕ್ರಮ ಗೊತ್ತಾಯಿತು. ಯಾರು ‘ಅ’ದಲ್ಲಿ ಉಳಿಯಬೇಕು, ಯಾರು ‘ಬ’ಕ್ಕೆ ಹೋಗಬೇಕು ಎಂಬುದನ್ನು ಕಾರ್ಯದರ್ಶಿಗಳು ಅಂದೇ ಕಿವಿಯಾರೆ ಕೇಳಿ ತೀರ್ಮಾನಿಸುವವರಿದ್ದರು. ಸುದ್ದಿ ತಿಳಿದು ರೊಟ್ಟಿಯ ತಾಯಿ ಹಿಟ್ಟಿನ ಕೈಯಲ್ಲಿಯೇ ಓಡಿ ಬಂದರು.

“ಅಕ್ಕಾರ, ನನ್ನ ಮಗಳನ್ನ ‘ಬ’ ಮಾಡಬ್ಯಾಡ್ರಿ. ನಮ್ಮ ಓಣ್ಯಾಗ ಆ ಹುಡುಗ್ರಿಗೆ ಬೋಳೇ ಬಕ್ಕಾ ಅಂತಾರ್ರಿ. ಒಮ್ಮೆ ಹಂಗ ಅನಿಸಿಕೊಂಡ್ರ ಆಕಿ ಸಾಲಿ ಕಡೆ ತಲಿ ಹಾಕಂಗಿಲ್ಲ.”

“ಆಕಿಗೆ ಓದಾಕ ಬರತೈತಿ. ಹೆದರಬ್ಯಾಡ್ರಿ” ಎಂದೆ.

ಅದೇ ದಿನ ಹೆಡ್‌ಮಾಸ್ತರರು ನನ್ನನ್ನು ಕರೆದು, ಧ್ವನಿ ತಗ್ಗಿಸಿ, ಉಪಕಾರ ಮಾಡುವವರಂತೆ ಹೇಳಿದರು: “ಬಾಯಾರ, ಆವತ್ತ ಒಬ್ಬೊಬ್ಬರನ್ನ ಎಬ್ಬಿಸಬ್ಯಾಡ್ರಿ. ಎಲ್ಲಾರನ್ನೂ ಕೂಡಿ ಓದಿಸಿಬಿಡ್ರಿ. ಯಾರಿಗೆ ಬರ್ತದ, ಯಾರಿಗೆ ಬರಂಗಿಲ್ಲ ಅವರಿಗೇನು ತಿಳೀತದ? ನಿಮ್ಮ ರೊಟ್ಟಿಬಾಯಿ ಮಗಳೂ ಅದರಾಗ ಪಾರಾಗ್ತಾಳ.”

ಒಂಟಿಯಾಗಿ ಎಬ್ಬಿಸಿದರೆ ಆಕೆಯ ಮೂರು ಮೆಟ್ಟಿಲು ಮುಗಿಯುವವರೆಗೆ ಕಾರ್ಯದರ್ಶಿಗಳು ಕಾಯುವವರಲ್ಲವೆಂದು ನಾನು ಒಪ್ಪಿದೆ. ಒಂದು ಇಡೀ ಚಳಿಗಾಲ ಯಾವುದನ್ನು ಕಿತ್ತು ಹಾಕಲು ದುಡಿದೆನೋ ಅದನ್ನೇ ಆ ಹುಡುಗಿಯ ಜಾಗ ಉಳಿಯಲೆಂದು ಮತ್ತೆ ಕರೆತಂದೆ. ಹಿರಿಯರ ಮೊಮ್ಮಗಳನ್ನು ಮೊದಲ ಸಾಲಿನ ನಡುವೆ ಕೂರಿಸಿದೆ. ಉಳಿದವರಿಗೆ ಹಳೆಯ ರೂಢಿ ಒಂದೇ ದಿನದಲ್ಲಿ ಮರಳಿತು.

ಕಾರ್ಯಕ್ರಮದ ದಿನ ದಾನಿಗಳು ಕುರ್ಚಿಗಳಲ್ಲಿಯೂ ಪಾಲಕರು ಗೋಡೆಯ ಗುಂಟ ನಿಂತೂ ಕೋಣೆ ತುಂಬಿತು. ಶಬ್ದಗಳ ತಖ್ತೆಯನ್ನು ತೂಗುಹಾಕಿ ಮೊದಲ ಶಬ್ದಕ್ಕೆ ಕೋಲು ಇಟ್ಟೆ.

“ಪಿನ್!” ಎಂದಿತು ತರಗತಿ. ದಾನಿಗಳು ತಲೆದೂಗಿದರು. ಅಷ್ಟರಲ್ಲಿ ಕೊನೆಯ ಸಾಲಿನಿಂದ ಒಂದು ಸಣ್ಣ ದನಿ ಬಂತು: “ಪ್... ಪಿ... ಪಿನ್.”

ಎರಡನೆಯ ಶಬ್ದ. “ಟಿನ್!” ಮೇಳ ನಿಂತಿತು. ಮೇಳ ನಿಂತ ಮೇಲೆ: “ಟ್... ಟಿ... ಟಿನ್.”

ಯಾರೋ ಕಿಸಕ್ಕೆಂದರು. ಕಾರ್ಯದರ್ಶಿಗಳು ಕುರ್ಚಿಯಲ್ಲಿಯೇ ಹಿಂದಕ್ಕೆ ತಿರುಗಿ, “ಯಾರಕಿ ಅಕಿ, ಬಸ್ ಹೋದ ಮ್ಯಾಲೆ ಕೈ ಮಾಡಾಕತ್ತಾಕಿ?” ಎಂದರು. ಕುರ್ಚಿಗಳೆಲ್ಲ ನಕ್ಕವು. ಗೋಡೆಯ ಬಳಿ ಆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಆಗ ನನಗೆ ತಿಳಿಯಿತು. ಉಳಿದವರು ಮೊದಲ ಸಾಲಿನ ದನಿಯನ್ನು ಹಿಡಿಯುತ್ತಿದ್ದರು. ಈ ಹುಡುಗಿ ಅದನ್ನು ಹಿಡಿಯುವುದನ್ನು ಬಿಟ್ಟಿದ್ದಳು. ನಾನೇ ಬಿಡಿಸಿದ್ದೆ. ಆಕೆ ತಖ್ತೆಯನ್ನು ನೋಡಿ ಓದುತ್ತಿದ್ದಳು, ಆದ್ದರಿಂದ ತಡವಾಗುತ್ತಿತ್ತು.

ಮೂರನೆಯ ಶಬ್ದಕ್ಕೆ ಕೋಲು ಎತ್ತಲಿಲ್ಲ. ತಖ್ತೆಯನ್ನು ಮೊಳೆಯಿಂದ ತೆಗೆದು ಗೋಡೆಗೆ ಮುಖ ಮಾಡಿ ಇಟ್ಟೆ. ಖಡು ತೆಗೆದುಕೊಂಡು ಹಲಗೆಯ ಮೇಲೆ, ಆ ವರ್ಷ ಒಮ್ಮೆಯೂ ಬರೆಯದಿದ್ದ ‘ಸ್ಪಿನ್’ ಎಂಬ ಶಬ್ದವನ್ನು ಬರೆದೆ. ಹಿರಿಯರ ಮೊಮ್ಮಗಳಿಗೆ, “ಅವ್ವಿ, ಇದೊಂದಕ್ಕ ನೀ ಬಾಯಿ ಮುಚ್ಚಿಕೋ” ಎಂದೆ. ಆಕೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

“ಈಗ ಎಲ್ಲಾರೂ ಓದ್ರಿ.”

ಮೇಳ ಏಳಲಿಲ್ಲ. ಒಂಟಿಯಾಗಿ ಓದಬಲ್ಲ ಕೆಲವರೂ ಸೊಲ್ಲು ಬರಲೆಂದು ಕಾದು ಕುಳಿತರು. ಹೆಡ್‌ಮಾಸ್ತರರು ಕೆಮ್ಮಿದರು. ಕೊನೆಯ ಸಾಲಿನಲ್ಲಿ ಒಂದು ಬೆರಳು ಗಾಳಿಯಲ್ಲಿ ಗೆರೆ ಎಳೆಯುತ್ತ ಸರಿಯಿತು.

“ಸ್‌ಸ್... ಸ್ಪ್... ಸ್ಪಿ...” ಉಸಿರು ಸಾಲದೆ ನಿಂತು, ಮತ್ತೆ ಮೊದಲಿನಿಂದ. “ಸ್ಪ್... ಸ್ಪಿ... ಸ್ಪಿನ್.”

“ಖರೇ ಐತಲ್ಲೋ!” ಎಂದರು ನೂಲಿನ ಗಿರಣಿ ಇದ್ದ ದಾನಿಯೊಬ್ಬರು. “ನಮ್ಮ ಗಿರಣಿ ಬೋರ್ಡಿನಾಗ ಈ ಅಕ್ಷರ ಅದಾವು.”

“ಆತ್ರಿ, ಆತು” ಎಂದು ಕಾರ್ಯದರ್ಶಿಗಳು ಎದ್ದರು. “ನಡೀರಿ, ಉಪ್ಪಿಟ್ಟು ಆರಾಕತ್ತೈತಿ.”

ಉಪ್ಪಿಟ್ಟು ಆರುತ್ತಿತ್ತು. ನಮ್ಮ ಸಂಸ್ಥೆಯಲ್ಲಿ ಅದಕ್ಕಿಂತ ಮಹತ್ವದ್ದು ಅಂದು ಬೇರೇನೂ ಇರಲಿಲ್ಲ.

ಸಂಜೆ ಕಚೇರಿಯಲ್ಲಿ ಹೆಸರುಗಳನ್ನು ಓದಲಾಯಿತು. ‘ಬ’ಕ್ಕೆ ಹೋಗತಕ್ಕವಳು ಒಬ್ಬಳೇ.

“ಇದು ಅನ್ಯಾಯರಿ” ಎಂದೆ. “ಆಕಿ ಓದಿದ್ಲು.”

“ಗುಂಪಿನ ಕೂಡ ಓದಾಕ ಬರಂಗಿಲ್ಲ ಆಕಿಗೆ” ಎಂದರು ಕಾರ್ಯದರ್ಶಿಗಳು.

“ಗುಂಪು ಓದಲೇ ಇಲ್ರಿ. ಒಬ್ಬಾಕಿ ಎತ್ತಿಕೊಟ್ಲು, ಉಳಿದವರು ಹಿಡಿದ್ರು.”

“ಬಾಯಾರ, ನನಗೂ ಕಿವಿ ಅದಾವು.”

“ಕಿವಿ ಅದಾವ್ರಿ. ಹಲಗಿ ನೋಡಿದ್ರೇನು? ಏನು ಬರದಿದ್ದೆ ಅದರ ಮ್ಯಾಲೆ, ಹೇಳ್ರಿ ನೋಡೋಣ.”

ಹೆಡ್‌ಮಾಸ್ತರರು “ಬಾಯಾರ, ಬಾಯಾರ” ಎಂದು ನನ್ನನ್ನು ತಡೆದರು. ಕಾರ್ಯದರ್ಶಿಗಳು ಹೆಸರುಗಳ ಪಟ್ಟಿಯನ್ನು ತಮ್ಮತ್ತ ಎಳೆದುಕೊಂಡರು. ಅವರಿಗೆ ಉತ್ತರ ಗೊತ್ತಿರಲಿಲ್ಲ. ಮೂರು ಶಬ್ದ ಮುಗಿಯುವವರೆಗೂ ಅವರು ಮಕ್ಕಳ ಬಾಯಿಗಳನ್ನೂ ದಾನಿಗಳ ಮುಖಗಳನ್ನೂ ನೋಡುತ್ತಿದ್ದರು. “ವಾಚನದಲ್ಲಿ ಹಿಂದುಳಿದಿರುತ್ತಾಳೆ” ಎಂಬ ಷರಾ ಆಕೆಯ ಹೆಸರಿನ ಮುಂದೆ ಬಿತ್ತು.

ಮರುದಿನ ಆ ತಾಯಿ ಗೇಟಿನ ಹೊರಗೆ ಕಾದಿದ್ದರು. ಅವರು ಅಳಲಿಲ್ಲ.

“ಹೆದರಬ್ಯಾಡ್ರಿ ಅಂದಿದ್ರಿ. ಎಲ್ಲಾರಂಗ ಒದರಾಕ ಕಲಿಸಿದ್ರ ಆಕಿನೂ ಉಳೀತಿದ್ಲು. ನೀವ ಆಕಿಗೆ ಬ್ಯಾರೆ ಕಲಿಸಿದ್ರಿ. ಈಗ ಆಕಿನ್ನ ಬ್ಯಾರೆ ಹಾಕ್ಯಾರ.”

ತಪ್ಪು ನನ್ನದಲ್ಲವೆಂದು ಅವರಿಗೆ ಹೇಳಿದ್ದರೆ ಅದು ಹಿಂದಿನ ಸಂಜೆ ಕಾರ್ಯದರ್ಶಿಗಳು ಹೇಳಿದಷ್ಟೇ ಕೆಟ್ಟದಾಗಿ ಕೇಳಿಸುತ್ತಿತ್ತು. ಶಾಲೆಯೊಳಗೆ ಹೋಗಿ, ಮುಂಬರುವ ವರ್ಷ ಎರಡನೆಯ ಇಯತ್ತೆಯ ‘ಬ’ ತುಕಡಿಯನ್ನು ನನಗೇ ವಹಿಸಿಕೊಡಬೇಕಾಗಿ ವಿನಂತಿ ಸಲ್ಲಿಸಿದೆ. ನನ್ನ ಸೇವೆಯಲ್ಲಿ ಇಷ್ಟು ಶೀಘ್ರವಾಗಿ ಮಂಜೂರಾದ ವಿನಂತಿ ಬೇರೊಂದಿಲ್ಲ.

ಜೂನ್ ತಿಂಗಳಲ್ಲಿ ಹುಡುಗಿ ಬರುವುದಿಲ್ಲವೆಂದೇ ಎಣಿಸಿದ್ದೆ. ಪ್ರಾರ್ಥನೆ ಮುಗಿದ ಮೇಲೆ ತಾಯಿಯೇ ಕೈಹಿಡಿದು ಕರೆತಂದು ಬಾಗಿಲಲ್ಲಿ ಬಿಟ್ಟರು. ನನ್ನನ್ನು ನೋಡಿ, “ನೀವೂ ‘ಬ’ ಆದ್ರೇನ್ರಿ ಅಕ್ಕಾರ?” ಎಂದರು.

“ಆದ್ನಿರಿ.”

“ಹಂಗಾರ ಕುಂತ್ಕೊ ಹೋಗವ್ವ” ಎಂದು ಮಗಳ ಬೆನ್ನು ತಟ್ಟಿದರು.

‘ಬ’ ತುಕಡಿಗೆ ಇಂಗ್ಲಿಷ್ ತಾಸು ಇಲ್ಲ. ಕಾಗದ ಕತ್ತರಿಸುವ, ಮಣ್ಣಿನ ಆಟಿಕೆ ಮಾಡುವ ಕಾರ್ಯಾನುಭವದ ತಾಸೊಂದಿತ್ತು. ಆ ತಾಸಿನಲ್ಲಿ ಏನು ನಡೆಯುತ್ತದೆಂದು ಯಾರೂ ಬಂದು ನೋಡುವುದಿಲ್ಲ. ಸದ್ದು ಬರದಿದ್ದರೆ ಸಾಕು. ನಾನು ಪಾಟಿಗಳನ್ನು ಬೋರಲು ಹಾಕಿಸಿದೆ. ಗದ್ದದ ಕೆಳಗೆ ಮುಷ್ಟಿ ಇಡಿಸಿದೆ. ಹೊಸಬರಿಗೆ ಗೆರೆಯ ಮೇಲೆ ಬೆರಳು ಸರಿಸುವುದನ್ನು ತೋರಿಸಿಕೊಟ್ಟವಳು ಆ ಹುಡುಗಿಯೇ.

ನಡುವೆ ಒಂದೇ ಗೋಡೆ. ಆಚೆ ಕೋಣೆಯಲ್ಲಿ ಹೊಸ ಶಿಕ್ಷಕಿಯವರು ಎರಡನೆಯ ಇಯತ್ತೆಯ ‘ಅ’ ತುಕಡಿಯನ್ನು ಕೂಡಿಯೇ ಓದಿಸುತ್ತಿದ್ದರು. ಒಂದು ದಿನ ನಮ್ಮ ಹುಡುಗಿ ಬರೆಯುವುದನ್ನು ನಿಲ್ಲಿಸಿ ಕಿವಿಗೊಟ್ಟು ಕೇಳಿದಳು.

“ಅಕ್ಕಾರ, ಅವರದು ಇನ್ನೂ ಪಿನ್ನ ನಡದೈತೇನ್ರಿ?”

ನಾನು ಆಕೆಗೆ ಏನು ಹೇಳಿದೆನೆಂಬುದು ಈ ನಿವೇದನೆಗೆ ಅವಶ್ಯಕವಲ್ಲ. ಅವಶ್ಯಕವಾದದ್ದು ಇಷ್ಟೇ: ಸದರಿ ಷರಾ ಇಂದಿಗೂ ಆಕೆಯ ಹೆಸರಿನ ಮುಂದಿದೆ. ಅದನ್ನು ಹೊಡೆದು ಹಾಕುವ ಅಧಿಕಾರ ನನಗಿಲ್ಲ. ಆದುದರಿಂದ ಅಲ್ಲಿ ಬರೆಯಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾರ್ಯಕ್ರಮದ ಆ ದಿನ ಆ ಕೋಣೆಯಲ್ಲಿ ಎಲ್ಲರೂ ಹೇಳಿದರು. ಓದಿದವಳು ಆಕೆಯೊಬ್ಬಳೇ.